ಹೈದರಾಬಾದ್‌ನಲ್ಲಿ ಕ್ಯಾಮೆರಾ ಅಗ್ಗ ಅಂತಾರಲ್ಲ, ನಿಜಾನಾ?

ಹೊಸಪೇಟೆ ಕಡೆ ಯಾರಾದ್ರೂ ಕ್ಯಾಮೆರಾ ತಗೋಬೇಕು ಅಂದ ಕೂಡಲೇ ಪಕ್ಕದಲ್ಲಿರೋರು ಒಂದು ಸಲಹೆ ಕೊಟ್ಟೇ ಕೊಡ್ತಾರೆ: "ಇಲ್ಯಾಕ್ ತಗೊಂತೀರಿ, ಹೈದರಾಬಾದಿಗೆ ಹೋಗ್ರಿ, ಅಲ್ಲಿ ಟ್ಯಾಕ್ಸ್ ಕಮ್ಮಿ." ಇನ್ನೊಬ್ಬರು ಗೋವಾ ಅಂತಾರೆ, ಮತ್ತೊಬ್ಬರು ಚೆನ್ನೈ ಅಂತಾರೆ. ಯಾರೂ ಬಿಲ್ ತೋರ್ಸಲ್ಲ. ಆದ್ರೆ ಎಲ್ಲರಿಗೂ ಗೊತ್ತಿರೋ ಒಬ್ಬ ಅಣ್ಣ ಅಲ್ಲಿ ಹೋಗಿ ಐದು ಸಾವಿರ ಉಳಿಸ್ಕೊಂಡು ಬಂದಿರ್ತಾನೆ.

ನಮಗೆ ಇದನ್ನ ಕೂತು ಲೆಕ್ಕ ಹಾಕಲೇಬೇಕಾಯ್ತು. ನಾವು ನಾಲ್ಕು ಜನ: ಒಬ್ಬ ಹೊಸಪೇಟೆ, ಒಬ್ಬಳು ಸಂಡೂರು, ಒಬ್ಬ ಕಂಪ್ಲಿ, ಇನ್ನೊಬ್ಬ ಹಂಪಿ ಪಕ್ಕದ ಕಮಲಾಪುರ. ನಮ್ಮೂರುಗಳ ಸುತ್ತ ಹೊಲದ ಬದುವಿನಲ್ಲಿ, ಗುಡಿ ಹಿಂದೆ ಬಿದ್ದಿರೋ ವೀರಗಲ್ಲು, ಶಾಸನಗಳ ಫೋಟೋ ತೆಗೆದು ಒಂದು ಕಡೆ ಸೇರಿಸಬೇಕು ಅನ್ನೋದು ಪ್ಲಾನ್. ಸವೆದ ಅಕ್ಷರ ಕಾಣಬೇಕು ಅಂದ್ರೆ ಬೆಳಕನ್ನ ಪಕ್ಕದಿಂದ ಬಿಟ್ಟು, ಒಳ್ಳೆ ಲೆನ್ಸ್ ಹಾಕಿ ತೆಗೀಬೇಕು. ಮೊಬೈಲ್‌ನಲ್ಲಿ ಒಂದು ಮಟ್ಟಕ್ಕೆ ಬರುತ್ತೆ, ಆಮೇಲೆ ಬರಲ್ಲ. ತಲೆಗೆ 15,000 ಹಾಕಿ 60,000 ಒಟ್ಟು ಮಾಡೋದು ಅಂತ ಆಯ್ತು. ಕಂಪ್ಲಿಯವನ ಪಾಲು ಅವರಮ್ಮ ಸಂಘದಲ್ಲಿ ಎತ್ತಿದ ಸಾಲ, ವಾರವಾರ ಕಂತು ಕಟ್ಟಬೇಕು. ಹಾಗಾಗಿ "ಅಲ್ಲಿ ಕಮ್ಮಿಯಂತೆ" ಅನ್ನೋ ಮಾತಿನ ಮೇಲೆ ಬಸ್ ಹತ್ತೋಕೆ ಆಗಲ್ಲ.

ಮೊದಲು ತೆರಿಗೆ. ಇವತ್ತು ಡಿಜಿಟಲ್ ಕ್ಯಾಮೆರಾ ಮೇಲಿನ ಜಿಎಸ್‌ಟಿ ಶೇ. 18. ಹೊಸಪೇಟೆಯಲ್ಲೂ ಅಷ್ಟೇ, ಬೆಂಗಳೂರಲ್ಲೂ ಅಷ್ಟೇ, ಹೈದರಾಬಾದ್, ಪಣಜಿ, ದೆಹಲಿ ಎಲ್ಲಾ ಕಡೆ ಅಷ್ಟೇ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಇದು ಶೇ. 28 ಇತ್ತು. 2018ರ ಡಿಸೆಂಬರ್ 22ರ ಜಿಎಸ್‌ಟಿ ಮಂಡಳಿ ಸಭೆಯಲ್ಲಿ 18ಕ್ಕೆ ಇಳಿಸಿದ್ರು, 2019ರ ಜನವರಿ 1ರಿಂದ ಜಾರಿಗೆ ಬಂತು. ತೆರಿಗೆ ಬಿಟ್ಟು 50,000 ಇರೋ ಕ್ಯಾಮೆರಾ ಆಗ 64,000 ಬೀಳ್ತಿತ್ತು, ಆಮೇಲೆ 59,000. ಕ್ಯಾಮೆರಾ ಖರೀದಿಗೆ ಜಿಎಸ್‌ಟಿಯಲ್ಲಿ ಆದ ದೊಡ್ಡ ಬದಲಾವಣೆ ಅದೊಂದೇ. 2025ರ ಸೆಪ್ಟೆಂಬರ್ 22ರಂದು 12 ಮತ್ತು 28ರ ಹಂತಗಳನ್ನ ತೆಗೆದು ದರಗಳನ್ನ ಬದಲಾಯಿಸಿದಾಗ ದೊಡ್ಡ ಟಿವಿ, ಎಸಿ ಎಲ್ಲಾ 28ರಿಂದ 18ಕ್ಕೆ ಇಳಿದ್ವು. ಕ್ಯಾಮೆರಾ ಆಗಲೇ 18ರಲ್ಲಿತ್ತು, ಅಲ್ಲೇ ಉಳೀತು. ಹಾಗಾಗಿ "ಜಿಎಸ್‌ಟಿ ಇಳಿದಿದೆ, ಅದಕ್ಕೇ ಆಫರ್" ಅಂತ ಯಾರಾದ್ರೂ ಕ್ಯಾಮೆರಾ ಮಾರಿದ್ರೆ ಆಫರ್ ನಿಜ ಇರಬಹುದು, ಕಾರಣ ನಿಜ ಅಲ್ಲ.

ಇಲ್ಲೊಂದು ಸಣ್ಣ ಲೆಕ್ಕ. 59,000ದ ಬಿಲ್‌ನಲ್ಲಿ ತೆರಿಗೆ ಎಷ್ಟು ಅಂತ ಕೇಳಿದ್ರೆ ನಮ್ಮ ಕ್ಲಾಸಲ್ಲೇ ಅರ್ಧ ಜನ 59,000ಕ್ಕೆ ಶೇ. 18 ಹಾಕಿ 10,620 ಅಂದ್ರು. ಇಂಜಿನಿಯರಿಂಗ್ ಎರಡನೇ ವರ್ಷ, ಮೂರು ಸೆಮಿಸ್ಟರ್ ಗಣಿತ ಪಾಸಾಗಿದೀವಿ! 59,000ದಲ್ಲಿ ತೆರಿಗೆ ಆಗಲೇ ಸೇರಿದೆ, ಆದ್ದರಿಂದ 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. 9,000 ಬರುತ್ತೆ.

ಹಾಗಾದ್ರೆ ಬಿಲ್‌ನಲ್ಲಿ ಕೆಲವೊಮ್ಮೆ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಅಂತಲೂ ಕೆಲವೊಮ್ಮೆ ಐಜಿಎಸ್‌ಟಿ 18 ಅಂತಲೂ ಯಾಕಿರುತ್ತೆ? ಮಾರೋರು, ಮಾಲು ಸೇರೋ ಜಾಗ ಎರಡೂ ಒಂದೇ ರಾಜ್ಯದಲ್ಲಿದ್ರೆ ತೆರಿಗೆ ಎರಡು ಪಾಲು, ಕೇಂದ್ರಕ್ಕೆ ಅರ್ಧ ರಾಜ್ಯಕ್ಕೆ ಅರ್ಧ. ರಾಜ್ಯ ಬೇರೆ ಆದ್ರೆ ಒಟ್ಟಿಗೆ ಐಜಿಎಸ್‌ಟಿ ಅಂತ ಕಟ್ಟಿಸ್ಕೊಂಡು, ಆಮೇಲೆ ರಾಜ್ಯದ ಪಾಲನ್ನ ವಸ್ತು ಬಳಕೆ ಆಗೋ ರಾಜ್ಯಕ್ಕೆ ಕೊಡ್ತಾರೆ. ಹರಿಯಾಣದ ಗೋಡೌನಿಂದ ಆನ್‌ಲೈನ್‌ನಲ್ಲಿ ಹೊಸಪೇಟೆಗೆ ಕ್ಯಾಮೆರಾ ಬಂದ್ರೆ ರಾಜ್ಯದ ಪಾಲು ಕರ್ನಾಟಕಕ್ಕೆ. ನಮ್ಮ ಜೇಬಿಂದ ಹೋಗೋದು ಎರಡರಲ್ಲೂ 9,000.

ಹೈದರಾಬಾದಿಗೆ ನಾವೇ ಹೋಗಿ ಕೌಂಟರಲ್ಲಿ ತಗೊಂಡ್ರೆ? ಮೊದಲು ಇದರ ರಾಜ್ಯದ ಪಾಲು ತೆಲಂಗಾಣಕ್ಕೆ ಹೋಗ್ತಿತ್ತು. 2023ರ ಅಕ್ಟೋಬರ್ 1ರಿಂದ ನಿಯಮ ಬದಲಾಗಿದೆ. ಜಿಎಸ್‌ಟಿ ನೋಂದಣಿ ಇಲ್ಲದ ನಮ್ಮಂಥೋರು ಬಿಲ್ಲಿನಲ್ಲಿ ಯಾವ ವಿಳಾಸ ಬರೆಸ್ತೀವೋ ಆ ರಾಜ್ಯವೇ ಲೆಕ್ಕಕ್ಕೆ. ಬರೀ ರಾಜ್ಯದ ಹೆಸರಿದ್ರೂ ಸಾಕು. ವಿಳಾಸವೇ ಇಲ್ಲದಿದ್ರೆ ಮಾತ್ರ ಅಂಗಡಿ ಇರೋ ರಾಜ್ಯ. ಹೈದರಾಬಾದಿನ ಕೌಂಟರಲ್ಲಿ ನಿಂತು "ವಿಜಯನಗರ ಜಿಲ್ಲೆ, ಕರ್ನಾಟಕ" ಅಂತ ಬರೆಸಿದ್ರೆ ಐಜಿಎಸ್‌ಟಿ ಬೀಳಬೇಕು. ಇದರಿಂದ ನಮಗೆ ಒಂದು ರೂಪಾಯಿ ಲಾಭ ಇಲ್ಲ, ಆದ್ರೂ ಓದಿದಾಗ ಖುಷಿ ಆಯ್ತು.

ತೆರಿಗೆ ರಾಜ್ಯಕ್ಕೊಂದು ಥರ ಇದ್ರೆ ಹೇಗಿರುತ್ತೆ ಅಂತ ನೋಡಬೇಕಾದ್ರೆ ಕೆನಡಾ ನೋಡಬೇಕು. ಅಲ್ಲೂ ಜಿಎಸ್‌ಟಿ ಇದೆ, 1991ರಿಂದ. ಕೇಂದ್ರದ ದರ ಶೇ. 5. ಅದರ ಮೇಲೆ ಪ್ರಾಂತ್ಯಗಳು ತಮ್ಮದನ್ನ ಸೇರಿಸ್ತವೆ. ಆಲ್ಬರ್ಟಾ ಏನೂ ಸೇರಿಸಲ್ಲ, ಬ್ರಿಟಿಷ್ ಕೊಲಂಬಿಯಾ 7 ಸೇರಿಸುತ್ತೆ, ಒಂಟಾರಿಯೋದಲ್ಲಿ ಎಲ್ಲಾ ಸೇರಿ 13, ನೋವಾ ಸ್ಕೋಶಿಯಾದಲ್ಲಿ 15 ಇದ್ದದ್ದು 2025ರ ಏಪ್ರಿಲ್‌ನಿಂದ 14. ಸಾವಿರ ಡಾಲರಿನ ಕ್ಯಾಮೆರಾ ಕ್ಯಾಲ್ಗರಿಯಲ್ಲಿ 1,050, ಟೊರೊಂಟೊದಲ್ಲಿ 1,130, ಹ್ಯಾಲಿಫ್ಯಾಕ್ಸ್‌ನಲ್ಲಿ 1,140. ಇನ್ನೊಂದು ವಿಚಿತ್ರ, ಅಲ್ಲಿ ಅಂಗಡಿಯ ಚೀಟಿ ಮೇಲೆ ತೆರಿಗೆ ಬಿಟ್ಟು ಬೆಲೆ ಇರುತ್ತೆ, ಕ್ಯಾಷ್ ಕೌಂಟರಲ್ಲಿ ತೆರಿಗೆ ಸೇರುತ್ತೆ. ಓದೋಕೆ ಹೋದ ನಮ್ಮ ಸೀನಿಯರ್ ಒಬ್ಬರು ಮೊದಲ ವಾರ ಪ್ರತಿ ಬಿಲ್ಲಿಗೂ ಬೆಚ್ಚಿ ಬೀಳ್ತಿದ್ರಂತೆ. ಹಾಗಂತ ಆಲ್ಬರ್ಟಾದ ಅಂಗಡಿಯಿಂದ ಟೊರೊಂಟೊಗೆ ತರಿಸ್ಕೊಂಡ್ರೆ ಉಳಿಯುತ್ತಾ ಅಂದ್ರೆ, ಇಲ್ಲ. ಕಳಿಸೋ ವಸ್ತುವಿಗೆ ಅದು ಸೇರೋ ಪ್ರಾಂತ್ಯದ ದರ.

ಹಾಗಾದ್ರೆ ನಮ್ಮ ಕಡೆ ಈ "ಅಲ್ಲಿ ಕಮ್ಮಿ" ಅನ್ನೋ ನಂಬಿಕೆ ಎಲ್ಲಿಂದ ಬಂತು? ಸುಮ್ಮನೆ ಬಂದಿಲ್ಲ. ಗಡಿ ದಾಟಿದ್ರೆ ರೇಟು ಬೇರೆ ಅನ್ನೋದು ಈ ಸೀಮೆಯ ಹಳೇ ಅನುಭವ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಪಟ್ಟಣದ ಬಾಗಿಲನ್ನೇ ಗುತ್ತಿಗೆಗೆ ಕೊಟ್ಟಿದ್ದರು, ಗುತ್ತಿಗೆದಾರರಿಗೆ ಸುಂಕ ಕೊಡದೆ ಒಳಗೆ ಹೋಗೋ ಹಾಗಿರಲಿಲ್ಲ ಅಂತ ಬರೆದಿದ್ದಾನೆ. ಅಷ್ಟು ಹಿಂದೆ ಹೋಗೋದು ಬೇಡ ಅಂದ್ರೆ 1940ರ ಸುಮಾರಿಗೆ ಬನ್ನಿ. ಆಗ ಹೊಸಪೇಟೆ, ಹಂಪಿ, ಕಂಪ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹಂಪಿಯಿಂದ ಹೊಳೆ ದಾಟಿದ್ರೆ ಆನೆಗೊಂದಿ, ಕಂಪ್ಲಿಯಿಂದ ದಾಟಿದ್ರೆ ಗಂಗಾವತಿ ಸೀಮೆ, ಅದು ನಿಜಾಮರ ಹೈದರಾಬಾದ್ ಸಂಸ್ಥಾನ. ತನ್ನದೇ ಸುಂಕ, ತನ್ನದೇ ನಾಣ್ಯ. ಇತ್ತ ಮೂವತ್ತು ಕಿಲೋಮೀಟರ್ ಆಸುಪಾಸಿನ ಸಂಡೂರು ಘೋರ್ಪಡೆ ಮನೆತನದ ಬೇರೆಯೇ ಸಂಸ್ಥಾನ, 1949ರವರೆಗೆ. ಅಂದ್ರೆ ನಾವು ನಾಲ್ಕು ಜನ ಈಗ ಬಸ್ ಪಾಸಿನಲ್ಲಿ ಓಡಾಡೋ ಜಾಗದೊಳಗೆ ಮೂರು ಸರ್ಕಾರ ಇತ್ತು.

ಇನ್ನೊಂದು ಗೊತ್ತಾ? ಭಾರತದಲ್ಲಿ ಎಲ್ಲಾ ವಸ್ತುಗಳ ಮೇಲೂ ಮಾರಾಟ ತೆರಿಗೆ ಅಂತ ಮೊದಲು ಹಾಕಿದ್ದು ಮದ್ರಾಸ್ ಪ್ರಾಂತ್ಯ, 1939ರಲ್ಲಿ, ರಾಜಾಜಿ ಸರ್ಕಾರ ಇದ್ದಾಗ. ಮೈಸೂರಿಗೆ ಮಾರಾಟ ತೆರಿಗೆ ಕಾಯ್ದೆ ಬಂದದ್ದು 1948ರಲ್ಲಿ. ಹಾಗಾಗಿ ಬೆಂಗಳೂರಿನೋರಿಗಿಂತ ಸುಮಾರು ಒಂಬತ್ತು ವರ್ಷ ಮುಂಚೆನೇ ಹೊಸಪೇಟೆ ವ್ಯಾಪಾರಿಗಳು ಮಾರಾಟ ತೆರಿಗೆ ನೋಡಿದ್ರು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಸೀಮೆ ಮೈಸೂರಿಗೆ ಸೇರ್ತು, 1956ರಲ್ಲಿ ಹೊಳೆಯ ಆಚೆ ದಡವೂ ಬಂತು. ಆಮೇಲೂ ರಾಜ್ಯಕ್ಕೊಂದು ದರ ಮುಂದುವರೀತು. ವ್ಯಾಟ್ ಕಾಲದ ಕೊನೆಯ ವರ್ಷಗಳಲ್ಲಿ ಕರ್ನಾಟಕದ ಸಾಮಾನ್ಯ ದರ 14.5, ದೆಹಲಿಯದ್ದು 12.5. ಐವತ್ತು ಸಾವಿರದ ವಸ್ತುವಿಗೆ ಸಾವಿರ ರೂಪಾಯಿ ವ್ಯತ್ಯಾಸ. ಮಜಾ ಅಂದ್ರೆ ಆಂಧ್ರದ ಸಾಮಾನ್ಯ ದರವೂ ಆಗ 14.5 ಇತ್ತು. ನಮ್ಮೋರು ಹೈದರಾಬಾದಿನ ಟ್ಯಾಕ್ಸ್ ಬಗ್ಗೆ ಹೇಳೋದು ಆಗಲೂ ಅಷ್ಟೊಂದು ಸರಿ ಇರಲಿಲ್ಲ.

ಜೊತೆಗೆ ಪೆಟ್ರೋಲ್ ಈ ನಂಬಿಕೆಯನ್ನ ಜೀವಂತ ಇಟ್ಟಿದೆ. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲ, ರಾಜ್ಯಗಳದ್ದೇ ತೆರಿಗೆ. ಆಂಧ್ರದಲ್ಲಿ ಹೆಚ್ಚು, ನಮ್ಮಲ್ಲಿ ಕಮ್ಮಿ, ಅದಕ್ಕೇ ಆಂಧ್ರದ ಗಾಡಿಗಳು ಬಳ್ಳಾರಿ ಕಡೆ ಬಂದಾಗ ಟ್ಯಾಂಕ್ ತುಂಬಿಸ್ಕೊಂಡು ಹೋಗ್ತವೆ. ಗಾಡಿ ನೋಂದಣಿಯ ರಸ್ತೆ ತೆರಿಗೆನೂ ರಾಜ್ಯಕ್ಕೊಂದು ಥರ. ಕಣ್ಣೆದುರು ಇದನ್ನೆಲ್ಲಾ ನೋಡೋ ಮನುಷ್ಯ ಕ್ಯಾಮೆರಾಗೂ ಹಾಗೇ ಇರಬೇಕು ಅಂದ್ಕೊಳ್ಳೋದು ಸಹಜ.

ಆದ್ರೆ ಬೆಲೆ ವ್ಯತ್ಯಾಸ ಇರೋದಂತೂ ನಿಜ. ನಾವು ಒಂದೇ ಬಾಡಿ, ಒಂದೇ ಕಿಟ್ ಲೆನ್ಸ್‌ಗೆ ನಾಲ್ಕು ಕಡೆ ವಿಚಾರಿಸಿದ್ವಿ. ಹೊಸಪೇಟೆಯಲ್ಲಿ 61,500, ಬೆಂಗಳೂರಿನಲ್ಲಿ 59,000, ಹೈದರಾಬಾದಿನಲ್ಲಿ 58,500. ಡಬ್ಬದ ಮೇಲಿನ ಎಂಆರ್‌ಪಿ ಮೂರು ಕಡೆಯೂ ಒಂದೇ. ಎಂಆರ್‌ಪಿ ಅಂದ್ರೆ ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ, ಅದಕ್ಕಿಂತ ಎಷ್ಟು ಕೆಳಗೆ ಮಾರ್ತಾರೆ ಅನ್ನೋದು ಅಂಗಡಿಯವರ ಇಷ್ಟ. ತಿಂಗಳಿಗೆ ನೂರಾರು ಪೀಸ್ ಮಾರೋ ದೊಡ್ಡೂರಿನ ಅಂಗಡಿ ಒಂದರ ಮೇಲೆ ಕಮ್ಮಿ ಲಾಭ ಇಟ್ಕೊಂಡ್ರೂ ನಡೆಯುತ್ತೆ. ಇಲ್ಲಿಯೋರು ತಿಂಗಳಿಗೆ ಬೆರಳೆಣಿಕೆಯಷ್ಟು ಮಾರ್ತಾರೆ. ಇದು ಲಾಭದ ವ್ಯತ್ಯಾಸ, ತೆರಿಗೆದಲ್ಲ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಇಬ್ಬರು ಬೆಂಗಳೂರಿಗೆ ಹೋಗಿ ಬರೋ ಖರ್ಚು, ಊಟ, ಆಟೋ ಎಲ್ಲಾ ಸೇರಿ 1,800 ಅಂತ ಹಾಕ್ಕೊಂಡ್ವಿ. ಆಗ ಬೆಂಗಳೂರಿನ ಬೆಲೆ 60,800. ಉಳಿಯೋದು 700. ಕ್ಲಾಸ್ ಅಟೆಂಡೆನ್ಸ್ ಬೇರೆ ಹೋಗುತ್ತೆ. ಹೈದರಾಬಾದ್ ಇನ್ನೂ ದೂರ, ಅಲ್ಲಿಗೆ ಹೋಗಿ ಬಂದ್ರೆ ಏನೂ ಉಳಿಯಲ್ಲ.

ನಾಲ್ಕನೇ ಅಂಗಡಿ ಯಾವ ಊರಿನದು ಅಂತ ಇಲ್ಲಿ ಬರೆಯಲ್ಲ. ಅಲ್ಲಿ ಕೇಳಿದ್ದು ಹೀಗೆ: "ಬಿಲ್ ಬೇಕೇನಪಾ? ಬಿಲ್ ಬ್ಯಾಡ ಅಂದ್ರ 54ಕ್ಕ ಕೊಡ್ತೀನಿ ನೋಡು." ಐದು ಸಾವಿರ ಉಳಿಸ್ಕೊಂಡು ಬಂದ ಆ ಅಣ್ಣನ ಕಥೆ ಬಹುಶಃ ಇದೇ. ಕಂಪ್ಲಿಯವನಿಗೆ ಒಂದು ಕ್ಷಣ ಆಸೆ ಆಯ್ತು, ತಪ್ಪೇನಿಲ್ಲ. ಬಿಲ್ ಇಲ್ಲದಿದ್ರೆ ಟ್ಯಾಕ್ಸ್ ಇಲ್ಲ, ಅದನ್ನೇ ನಮಗೆ ಬಿಡ್ತಿದ್ದಾರೆ ಅಂತ ಮೇಲ್ನೋಟಕ್ಕೆ ಅನ್ಸುತ್ತೆ. ಆದ್ರೆ ಪೇಪರ್ ಮೇಲೆ ಹಾಕಿ ನೋಡಿದ್ರೆ ಲೆಕ್ಕ ಕೂಡೋದಿಲ್ಲ.

ಹೇಗೆ ಅಂತ ನೋಡಿ. ಅಂಗಡಿಯವರು ಆ ಕ್ಯಾಮೆರಾನ ಕಂಪನಿ ಡೀಲರಿಂದ ತೆರಿಗೆ ಬಿಟ್ಟು 47,000ಕ್ಕೆ ತಂದಿದ್ದಾರೆ ಅಂತ ಇಟ್ಕೊಳ್ಳಿ. ತರುವಾಗಲೇ ಶೇ. 18ರಂತೆ 8,460 ತೆರಿಗೆ ಕೊಟ್ಟಿರ್ತಾರೆ, ಅಂದ್ರೆ 55,460 ಕೈಯಿಂದ ಹೋಗಿದೆ. ನಮಗೆ ಬಿಲ್ ಹಾಕಿ 59,000ಕ್ಕೆ ಮಾರಿದ್ರೆ ಅದರಲ್ಲಿ 9,000 ತೆರಿಗೆ. ಆಗಲೇ ಕೊಟ್ಟ 8,460 ಕಳೆದು ಅವರು ಸರ್ಕಾರಕ್ಕೆ ಕಟ್ಟಬೇಕಾದ್ದು ಬರೀ 540 ರೂಪಾಯಿ. ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ ಅಂದ್ರೆ ಇದೇ, ಪ್ರತಿ ಕೈ ತಾನು ಸೇರಿಸಿದ ಬೆಲೆಗೆ ಮಾತ್ರ ತೆರಿಗೆ ಕಟ್ಟೋದು. ಹಾಗಿದ್ರೆ 540 ರೂಪಾಯಿ ತಪ್ಪಿಸ್ಕೊಳ್ಳೋಕೆ ಯಾರಾದ್ರೂ 5,000 ಬಿಡ್ತಾರಾ? 54,000ಕ್ಕೆ ಕೊಟ್ಟರೆ ತಾವು ಹಾಕಿದ 55,460 ಕೂಡ ವಾಪಸ್ ಬರಲ್ಲ.

ಬಿಡ್ತಾರೆ ಅಂದ್ರೆ ಎರಡೇ ಸಾಧ್ಯತೆ. ಒಂದು, ಆ ಮಾಲು ಅಂಗಡಿಗೆ ಬಂದದ್ದೇ ಬಿಲ್ ಇಲ್ಲದೆ: ಹೊರದೇಶದಿಂದ ಸುಂಕ ತಪ್ಪಿಸಿ ತಂದದ್ದು, ಅಥವಾ ಇನ್ನೂ ಕೆಟ್ಟದ್ದು, ಕದ್ದದ್ದು. ಇಲ್ಲ ಅಂದ್ರೆ 8,460ರ ಕ್ರೆಡಿಟ್ಟನ್ನ ಬೇರೆ ಮಾರಾಟಗಳ ತೆರಿಗೆಗೆ ಹೊಂದಿಸ್ಕೊಂಡು ಈ ಮಾರಾಟವನ್ನೇ ಮುಚ್ಚಿಡ್ತಿದ್ದಾರೆ. ಮೊದಲನೇದಾದ್ರೆ ನಮಗೆ ಇಂಡಿಯಾ ವಾರಂಟಿ ಸಿಗೋದು ಕಷ್ಟ, ಡಬ್ಬದ ಮೇಲೆ ಆಮದು ಮಾಡಿದವರ ಹೆಸರು, ಎಂಆರ್‌ಪಿ ಚೀಟಿ ಇಲ್ಲದಿದ್ರೆ ಅನುಮಾನ ಗಟ್ಟಿ. ಎರಡನೇದಾದ್ರೆ ಕ್ಯಾಮೆರಾ ಅಸಲಿಯೇ ಇರಬಹುದು, ಆದ್ರೆ ನಮ್ಮ ಹತ್ರ ಕೊಂಡಿದ್ದಕ್ಕೆ ಪುರಾವೆ ಇಲ್ಲ. ಶಟರ್ ಕೆಟ್ರೆ, ಬಸ್ಸಲ್ಲಿ ಕಳೆದ್ರೆ, ಮುಂದೆ ಮಾರಬೇಕಾದ್ರೆ, ಎಲ್ಲಾದಕ್ಕೂ ಮೊದಲು ಕೇಳೋದು ಬಿಲ್ಲನ್ನೇ. ನಾಲ್ಕು ಜನ ಸೇರಿ ತಗೊಂಡ ವಸ್ತುವಿಗೆ ಬಿಲ್ ಇಲ್ಲದಿದ್ರೆ ನಾಳೆ ನಮ್ಮೊಳಗೇ ಜಗಳ ಆದ್ರೂ ತೋರಿಸೋಕೆ ಏನೂ ಇರಲ್ಲ.

ಬಿಲ್ ಕೊಟ್ಟರೂ ಒಂದು ಸಲ ಓದಿ. ಜಿಎಸ್‌ಟಿ ನಂಬರ್ 15 ಅಕ್ಷರ. ಮೊದಲ ಎರಡು ಅಂಕಿ ರಾಜ್ಯ: ಕರ್ನಾಟಕ 29, ಗೋವಾ 30, ತಮಿಳುನಾಡು 33, ತೆಲಂಗಾಣ 36, ಆಂಧ್ರ 37. ಮುಂದಿನ ಹತ್ತು ಆ ವ್ಯಾಪಾರದ ಪ್ಯಾನ್. ಕೊನೆಯದು ಚೆಕ್ ಅಂಕಿ, ನಮ್ಮ ಡಿಜಿಟಲ್ ಕ್ಲಾಸಿನ ಪ್ಯಾರಿಟಿ ಬಿಟ್‌ನ ಅಣ್ಣ ಅನ್ಕೊಳ್ಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆ ನಂಬರ್ ಹಾಕಿದ್ರೆ ಅಂಗಡಿ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯಾ ಅನ್ನೋದು ಬರುತ್ತೆ. ಕ್ಯಾಮೆರಾದ ಸೀರಿಯಲ್ ನಂಬರನ್ನ ಬಿಲ್ ಮೇಲೆ ಬರೆಸೋದು ಮರೀಬೇಡಿ. ತೆರಿಗೆಯ ಸಾಲೇ ಇಲ್ಲದ ಬಿಲ್ ಎಲ್ಲವೂ ಮೋಸ ಅಲ್ಲ. ಸಣ್ಣ ವ್ಯಾಪಾರಿಗಳು ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡೋ ಹಾಗಿಲ್ಲ, ಬಿಲ್ ಮೇಲೆ ಹಾಗಂತ ಬರೆದಿರಬೇಕು. ಅಂಥೋರು ಬೇರೆ ರಾಜ್ಯಕ್ಕೆ ಮಾರೋ ಹಾಗೂ ಇಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಗಳು ಕ್ಯೂಆರ್ ತೆಗೆದು "ಕ್ಯಾಷ್ ಮಾತ್ರ" ಅಂತ ಅಂಟಿಸಿದ್ವು. ಚಹಾಕ್ಕೆ ಕ್ಯಾಷ್ ಕೊಡೋಣ, ಅರವತ್ತು ಸಾವಿರಕ್ಕೆ ಬೇಡ.

ನೋ ಕಾಸ್ಟ್ ಇಎಂಐ ಬಗ್ಗೆ ಒಂದು ಮಾತು. ಬಡ್ಡಿ ಇಲ್ಲ ಅಂತಾರೆ, ಆದ್ರೆ ಬ್ಯಾಂಕ್ ಬಡ್ಡಿ ಹಾಕುತ್ತೆ, ಅಷ್ಟನ್ನ ಮೊದಲೇ ಡಿಸ್ಕೌಂಟ್ ಕೊಟ್ಟು ಸರಿ ಮಾಡ್ತಾರೆ. ಆ ಬಡ್ಡಿ ಮೇಲಿನ ಶೇ. 18 ಜಿಎಸ್‌ಟಿ ಮಾತ್ರ ಸಾಮಾನ್ಯವಾಗಿ ನಮ್ಮ ತಲೆಗೇ ಬರುತ್ತೆ.

ನಿಜವಾಗಿ ತೆರಿಗೆ ಉಳಿಯೋದು ಒಬ್ಬರಿಗೆ: ಜಿಎಸ್‌ಟಿ ನೋಂದಣಿ ಇರೋ ಸ್ಟುಡಿಯೋದವರಿಗೆ. ಅವರು ತಮ್ಮ ನಂಬರ್ ಹಾಕಿಸಿ ಬಿಲ್ ತಗೊಂಡ್ರೆ 9,000 ಕ್ರೆಡಿಟ್, ಮದುವೆ ಫೋಟೋ ಬಿಲ್ಲಿನ ತೆರಿಗೆಯಲ್ಲಿ ಕಳ್ಕೋಬಹುದು. ಅವರ ಪಾಲಿಗೆ ಕ್ಯಾಮೆರಾ 50,000. ಅವರೂ ಹೈದರಾಬಾದಲ್ಲಿ ತಗೊಂಡ್ರೆ ಐಜಿಎಸ್‌ಟಿ ಬಿಲ್ಲೇ ಕೇಳಬೇಕು. ತೆಲಂಗಾಣದ ಎಸ್‌ಜಿಎಸ್‌ಟಿ ಬಿದ್ದ ಬಿಲ್ಲಿನ ಕ್ರೆಡಿಟ್ ಕರ್ನಾಟಕದ ನೋಂದಣಿಗೆ ಸಿಗಲ್ಲ. "ನಿಮ್ಮ ಅಣ್ಣನ ಸ್ಟುಡಿಯೋ ನಂಬರ್ ಹಾಕ್ಸು" ಅಂತ ಕಂಪ್ಲಿಯವನಿಗೆ ಒಬ್ಬರು ಹೇಳಿದ್ರು. ಸ್ಟುಡಿಯೋ ಕೆಲಸಕ್ಕೆ ಬಳಸದ ವಸ್ತುವಿಗೆ ಕ್ರೆಡಿಟ್ ತಗೊಂಡ್ರೆ ಸಿಕ್ಕಿಬೀಳೋದು ಅಣ್ಣ. ಬೇಡ ಅಂದ್ವಿ.

ಆದ್ರೆ ಆ ಮಾತಿನಿಂದಲೇ ಇನ್ನೊಂದು ದಾರಿ ಹೊಳೀತು: ಸೆಕೆಂಡ್ ಹ್ಯಾಂಡ್. ಒಬ್ಬ ವ್ಯಕ್ತಿ ತನ್ನ ಸ್ವಂತ ಬಳಕೆಯ ಹಳೇ ಕ್ಯಾಮೆರಾನ ನಮಗೆ ಮಾರಿದ್ರೆ ಅದು ವ್ಯಾಪಾರ ಅಲ್ಲ, ಜಿಎಸ್‌ಟಿ ಇಲ್ಲ. ಹಳೇ ಸಾಮಾನು ಮಾರೋದೇ ಕಸುಬಾಗಿರೋ ಅಂಗಡಿಯವರಿಗೆ ಒಂದು ವಿಶೇಷ ಲೆಕ್ಕ ಇದೆ. ಕೊಂಡಾಗ ಕ್ರೆಡಿಟ್ ತಗೊಂಡಿರದಿದ್ರೆ ಪೂರ್ತಿ ಬೆಲೆ ಮೇಲಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರೋ ಅಂತರದ ಮೇಲೆ ಮಾತ್ರ ತೆರಿಗೆ. 30,000ಕ್ಕೆ ತಂದು 34,000ಕ್ಕೆ ಮಾರಿದ್ರೆ ತೆರಿಗೆ 4,000ದ ಮೇಲೆ. ಹೊಸದರಲ್ಲಿ 9,000 ಹೋಗೋ ಕಡೆ ಇಲ್ಲಿ ಸಾವಿರವೂ ಇಲ್ಲ. ಊರು ಬದಲಾಯಿಸಿ ಸಿಗದ ಉಳಿತಾಯ ಇಲ್ಲಿ ಸಿಗುತ್ತೆ.

ಸದ್ಯ ನಮ್ಮ ಲೆಕ್ಕ ಹೀಗಿದೆ: ಹಳೇ ಬಾಡಿ, ಮೂಲ ಬಿಲ್ ಇರೋದು, ಸೀರಿಯಲ್ ನಂಬರ್ ತಾಳೆ ಆಗೋದು, ಶಟರ್ ಎಷ್ಟು ಸಲ ಬಡಿದಿದೆ ಅಂತ ನೋಡಿ. ಉಳಿದ ದುಡ್ಡಿನಲ್ಲಿ ಅಕ್ಷರಗಳನ್ನ ಹತ್ತಿರದಿಂದ ಹಿಡಿಯೋ ಒಂದು ಮ್ಯಾಕ್ರೋ ಲೆನ್ಸ್, ಪಕ್ಕದಿಂದ ಬೆಳಕು ಬಿಡೋಕೆ ಒಂದು ಎಲ್‌ಇಡಿ. ಟ್ರೈಪಾಡ್ ಪಟ್ಟಿಯಲ್ಲಿ ಕೊನೆಗೆ, ಯಾಕಂದ್ರೆ ಹಂಪಿಯ ಸ್ಮಾರಕಗಳ ಒಳಗೆ ಅದನ್ನ ನಿಲ್ಲಿಸೋಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಹೊಲದ ಬದುವಿನ ವೀರಗಲ್ಲಿಗೆ ಹೊಲದೋರು ಹೂಂ ಅಂದ್ರೆ ಸಾಕು. ಸಂಡೂರಿನವಳು ಮಾತ್ರ ಇನ್ನೂ ಒಪ್ಪಿಲ್ಲ, ಹೊಸದೇ ಬೇಕು, ಇಲ್ಲಿಯ ಅಂಗಡಿಯೋರ ಹತ್ರ 61,500ನ್ನ 60,000ಕ್ಕೆ ಇಳಿಸ್ತೀನಿ, ಮೆಮೊರಿ ಕಾರ್ಡೂ ಹಾಕಿಸ್ಕೊಂಡು ಬರ್ತೀನಿ ಅಂತಿದ್ದಾಳೆ. ಬರೋ ಶನಿವಾರ ಅವಳ ಜೊತೆ ಹೋಗ್ತಿದೀವಿ.